ಬಿಸಿಲಿಗೆ ಇಟ್ಟರೆ ಸಿಡಿಯಲ್ಲಿರುವ ತಾಳಮದ್ದಲೆ ಅಳಿಸಿ ಹೋಗುತ್ತಾ?

ಶಿರಸಿ_ಅಟ್ಟ:
ಅಪ್ಪ ಇಪ್ಪತ್ತು ವರ್ಷದ ಹಿಂದೆ ತಾಳಮದ್ದಲೆ ತುಂಬಿಸಿಟ್ಟ ಸಿಡಿಗಳು ಅಟ್ಟದಲ್ಲಿ ಸಿಕ್ಕಿವೆ. ಮಳೆಗಾಲಕ್ಕೆ ಎಲ್ಲಾ ಬೂಷ್ಟು ಹಿಡಿದಿವೆ. ಅಡಿಕೆ ಒಣಗಿಸುವ ಅಂಗಳದಲ್ಲೇ ಒಂದು ದಿನ ಹರವೋಣ ಅಂತಿದ್ದೆ, ಭಾವ ಬೇಡ ಅಂದ. ಬೆಳಕಿನಲ್ಲೇ ಬರೆದದ್ದು, ಬೆಳಕು ಬಿದ್ದರೆ ಹೋದ ಹಾಗೇ ಅಂತೆ. ಕೆಲವು ಅಡಿಭಾಗ ಹಸಿರು, ನಾಲ್ಕು ಮಾತ್ರ ಕಪ್ಪು ಬೂದಿ ಬಣ್ಣ, ಮೇಲೆ ಸಿಡಿ-ಆರ್‌ಡಬ್ಲ್ಯೂ ಅಂತಿದೆ. ಇವು ಹಳೇ ಪ್ಲೇಯರ್‌ನಲ್ಲಿ ಓಡುವುದೇ ಇಲ್ಲ. ಹೋದವಾ?

ಕಾಳಿ_ಸೇತುವೆ, ಕಾರವಾರ:
ಭಾವ ಅರ್ಧ ಸರಿ ಮಾರಾಯ್ರೆ. ಹೆದರಬೇಕಾದದ್ದು ಹಸಿರಿಗೆ. ಅದರಲ್ಲಿ ಇರುವುದು ಬಣ್ಣ, ಅದೂ ಬಟ್ಟೆಯ ಬಣ್ಣದ ಹಾಗೆ ಬಿಸಿಲಿಗೆ ಮಾಸುತ್ತದೆ. ಒಮ್ಮೆ ಲೇಸರ್ ಸುಟ್ಟರೆ ಮುಗಿಯಿತು, ತಿದ್ದಲಿಕ್ಕೆ ಬರುವುದಿಲ್ಲ.

ಆರ್‌ಡಬ್ಲ್ಯೂ ಅಂದರೆ ಅಳಿಸಿ ಮತ್ತೆ ಬರೆಯಬಹುದಾದ ಸಿಡಿ, ಅದರಲ್ಲಿ ಬಣ್ಣ ಇಲ್ಲ. ಬೆಳ್ಳಿ, ಇಂಡಿಯಂ, ಆಂಟಿಮನಿ, ಟೆಲ್ಲುರಿಯಂ ಸೇರಿದ ತೆಳು ಪದರ. ಆಲೆಮನೆ ನೋಡಿದ್ದೀರಲ್ವಾ? ಪಾಕವನ್ನು ತಕ್ಷಣ ತಣ್ಣೀರಿಗೆ ಹಾಕಿದರೆ ಗಾಜಿನ ಹಾಗೆ ಆಗುತ್ತದೆ, ನಿಧಾನಕ್ಕೆ ಆರಲು ಬಿಟ್ಟರೆ ಹರಳುಗಟ್ಟುತ್ತದೆ. ಇದೂ ಅದೇ. ಲೇಸರ್ ಒಂದು ಚುಕ್ಕೆಯನ್ನು 500–700 ಡಿಗ್ರಿಗೆ ಕರಗಿಸಿ ಬಿಡುತ್ತದೆ, ಅದು ಕ್ಷಣದಲ್ಲಿ ಆರಿ ಹರಳಿಲ್ಲದೆ ಮಂಕಾಗುತ್ತದೆ, ಆ ಮಂಕು ಚುಕ್ಕೆಗಳೇ ಬರಹ. ಅಳಿಸಲು 200 ಡಿಗ್ರಿ ಸಾಕು, ಮತ್ತೆ ಹರಳು. ಹೀಗೆ ಸುಮಾರು 1000 ಸಲ ಮಾಡಬಹುದು. ಅಂದರೆ ಕೆಲಸ ಮಾಡುವುದು ಬೆಳಕಲ್ಲ, ಅದರ ಕಾವು. ನಿಮ್ಮ ಅಂಗಳ ಎಷ್ಟೇ ಕಾದರೂ 200 ಆಗುವುದಿಲ್ಲ ಬಿಡಿ. ಆದರೆ ಪ್ಲಾಸ್ಟಿಕ್ ಸೊಟ್ಟಗಾದೀತು, ಹಾಗಾಗಿ ಯಾವುದನ್ನೂ ಬಿಸಿಲಿಗೆ ಇಡಬೇಡಿ.

ಪ್ಲೇಯರ್ ವಿಷಯ: ಆರ್‌ಡಬ್ಲ್ಯೂ ಮಾಮೂಲಿ ಸಿಡಿಗಿಂತ ತುಂಬಾ ಕಡಿಮೆ ಬೆಳಕು ವಾಪಸ್ ಕೊಡುತ್ತದೆ. ಹಳೇ ಪ್ಲೇಯರ್‌ಗೆ ಅದು ಕಾಣುವುದೇ ಇಲ್ಲ. ಕಂಪ್ಯೂಟರ್‌ನ ಡಿವಿಡಿ ಡ್ರೈವ್‌ಗೆ ಹಾಕಿ ನೋಡಿ.

ಗಜನಿ_ಗಾಳಿ, ಕುಮಟಾ:
ಕಾವಿಲ್ಲದೆ ಬರೀ ಬೆಳಕಿಗೇ ಬಣ್ಣ ಬದಲಿಸುವ ಪದಾರ್ಥವೂ ಇದೆ, ಅದು ಉಪ್ಪಿನಾಗರದ ಸರಕು! ಸಾಣಿಕಟ್ಟಾ ಕಡೆ ಹೋದಾಗಲೆಲ್ಲ ನನಗೆ ಇದೇ ನೆನಪು. ಉಪ್ಪುನೀರು ಗಟ್ಟಿಯಾದ ಕಡೆ ಬದುಕುವ ಹ್ಯಾಲೋಬ್ಯಾಕ್ಟೀರಿಯಂ ಅಂತ ಒಂದು ಸೂಕ್ಷ್ಮಜೀವಿ ಇದೆ, ಜಗತ್ತಿನ ಎಷ್ಟೋ ಉಪ್ಪಿನಾಗರಗಳು ಕೆಂಪಾಗುವುದು ಇಂಥವುಗಳಿಂದಲೇ. ಅದರ ಮೈಮೇಲಿನ ನೇರಳೆ ಪ್ರೋಟೀನು ಬ್ಯಾಕ್ಟೀರಿಯೊರೊಡಾಪ್ಸಿನ್, 1971ರಲ್ಲಿ ಗೊತ್ತಾದದ್ದು. ಹಸಿರು ಬೆಳಕು ಬಿದ್ದರೆ ಹಳದಿಯಾಗುತ್ತದೆ, ನೀಲಿ ಬಿದ್ದರೆ ವಾಪಸ್ ನೇರಳೆ. ಬರೆಯಲು ಒಂದು ಬಣ್ಣ, ಅಳಿಸಲು ಇನ್ನೊಂದು. ಅಮೆರಿಕದಲ್ಲಿ ರಾಬರ್ಟ್ ಬರ್ಜ್ ಎಂಬ ವಿಜ್ಞಾನಿ ಇದರಿಂದಲೇ ಮೆಮೊರಿ ಮಾಡಲು ವರ್ಷಗಟ್ಟಲೆ ದುಡಿದರು. ತೊಂದರೆ ಏನೆಂದರೆ ಆ ಹಳದಿ ತಾನಾಗೇ ಕ್ಷಣದಲ್ಲಿ ನೇರಳೆಗೆ ತಿರುಗಿಬಿಡುತ್ತದೆ, ಹಿಡಿದಿಡಲು ಜೀನ್ ತಿದ್ದಬೇಕು. ಅಂಗಡಿಗಂತೂ ಬರಲಿಲ್ಲ.

ಶಿರಸಿ_ಅಟ್ಟ:
ಆರ್‌ಡಬ್ಲ್ಯೂ ಮೂರು ಲ್ಯಾಪ್‌ಟಾಪ್‌ನಲ್ಲಿ ಓಡಿದವು!! ಅಪ್ಪನ ಮದ್ದಳೆ ಕೇಳಿ ಅಮ್ಮ ಅಡುಗೆಮನೆಯಿಂದ ಓಡಿ ಬಂದಳು. ಹಸಿರಿನ ಬೂಷ್ಟು ಹೇಗೆ ತೆಗೆಯುವುದು?

ಕಾಳಿ_ಸೇತುವೆ, ಕಾರವಾರ:
ಮೆತ್ತಗಿನ ಬಟ್ಟೆ, ಸ್ವಲ್ಪ ನೀರು. ನಡುವಿನಿಂದ ಅಂಚಿಗೆ ನೇರ ಒರೆಸಿ, ಸುತ್ತ ತಿರುಗಿಸಿ ಅಲ್ಲ. ನೆರಳಲ್ಲೇ ಒಣಗಿಸಿ, ಅವತ್ತೇ ಕಾಪಿ ಮಾಡಿಬಿಡಿ.