ಸಹಾಯ ಬೇಕು: ಕೊರಿಯನ್ ಬಾರ್ಬೆಕ್ಯೂನಲ್ಲಿ ಕೋಳಿ ಸೀದು ಹೋಗ್ತಿದೆ

ಚಿಕ್ಕಮಗಳೂರಿನಲ್ಲಿ ಹೊಸದಾಗಿ ಶುರುವಾದ ಕೊರಿಯನ್ ಬಾರ್ಬೆಕ್ಯೂ ಹೋಟೆಲಿಗೆ ಮನೆಯವರೆಲ್ಲ ಎರಡು ಸಲ ಹೋಗಿ ಬಂದೆವು. ಟೇಬಲ್ ಮಧ್ಯೆಯೇ ಒಲೆ, ಮಾಂಸ ನಾವೇ ಸುಟ್ಟುಕೊಳ್ಳಬೇಕು.

ಸಾಮ್‌ಗ್ಯೋಪ್ಸಾಲ್, ಅಂದರೆ ಮಸಾಲೆ ಹಚ್ಚದ ಹಂದಿಯ ಹೊಟ್ಟೆಭಾಗದ ಮಾಂಸ, ಚೆನ್ನಾಗಿಯೇ ಬಂತು. ಕತ್ತರಿಯಲ್ಲಿ ತುಂಡು ಮಾಡಿ, ಬೆಳ್ಳುಳ್ಳಿ, ಸಾಮ್‌ಜಾಂಗ್ (ಸೋಯಾ, ಮೆಣಸಿನಕಾಯಿಯ ಖಾರದ ಪೇಸ್ಟ್) ಜೊತೆ ಲೆಟ್ಯೂಸ್ ಎಲೆಯಲ್ಲಿ ಸುತ್ತಿ ತಿಂದೆವು. ಅಪ್ಪ ಮಾತ್ರ "ಕಡುಬು ಇದ್ದಿದ್ರೆ" ಅಂತ ಗೊಣಗಿದರು.

ತೊಂದರೆ ಇರೋದು ಕೋಳಿ ಬುಲ್ಗೋಗಿಯಲ್ಲಿ. ಸೋಯಾ ಸಾಸ್, ಸಕ್ಕರೆ, ಬೆಳ್ಳುಳ್ಳಿಯಲ್ಲಿ ನೆನೆಸಿರುತ್ತಾರೆ. ಕಾವಲಿಗೆ ಹಾಕಿದ ಎರಡೇ ನಿಮಿಷಕ್ಕೆ ಹೊರಗೆ ಕಪ್ಪು, ಒಳಗೆ ಹಸಿ! ಉರಿ ಸಣ್ಣ ಮಾಡಿದರೆ ನೀರು ಬಿಟ್ಟು ಬೇಯುತ್ತದೆಯೇ ಹೊರತು ಸುಡುವುದಿಲ್ಲ. ಎಣ್ಣೆ ಸವರಿ ನೋಡಿದೆ, ಸ್ವಲ್ಪ ಸ್ವಲ್ಪವೇ ಹಾಕಿ ನೋಡಿದೆ. ಬಡಿಸುವ ಹುಡುಗ "ಮಗುಚ್ತಾ ಇರಿ ಸರ್" ಅಂತಾನೆ ಅಷ್ಟೇ. ಸಕ್ಕರೆಯಿಂದಲೇ ಸೀಯುತ್ತಿದೆ ಅನ್ನೋದು ಗೊತ್ತು. ಆದರೆ ಹಸಿ ಕೋಳಿ ತಿನ್ನೋಕೆ ಭಯ ಅಲ್ವಾ?

ಈ ಭಾನುವಾರ ನೆಂಟರನ್ನೂ ಕರೆದುಕೊಂಡು ಹೋಗ್ತಿದ್ದೇವೆ. ಗೊತ್ತಿರೋರು ಹೇಳಿ: ನೆನೆಸಿದ ರಸವನ್ನು ಒರೆಸಿ ಹಾಕಬೇಕಾ, ಅಥವಾ ಪ್ರತಿ ಸುತ್ತಿಗೂ ಕಾವಲಿ ಬದಲಿಸಿ ಅಂತ ಕೇಳಬೇಕಾ? ಉರಿ ಎಷ್ಟಿರಬೇಕು?