ಜೆ-1 ವೀಸಾ, 2 ವರ್ಷದ ನಿಯಮ: ವಕೀಲೆ ಮೇಡಂ ಅವರನ್ನು ಕೇಳಿ

ಅಡ್ಮಿನ್: ಅಮೆರಿಕದಲ್ಲಿ ಇಮಿಗ್ರೇಷನ್ ಕೇಸು ನೋಡುವ ಮೇಡಂ ಇವತ್ತು ಸಿಕ್ಕಿದ್ದಾರೆ. ಜೆ-1ನಲ್ಲಿ (ಓದು, ಸಂಶೋಧನೆ, ಟ್ರೈನಿಂಗ್‌ಗೆ ಕೊಡುವ ಎಕ್ಸ್‌ಚೇಂಜ್ ವೀಸಾ) ಬಂದ ಕೆಲವರು 2 ವರ್ಷ ಊರಿಗೆ ಹೋಗಿ ಇರಲೇಬೇಕು ಅನ್ನುವ 212(ಇ) ನಿಯಮ, ಅದರ ವೇವರ್ (ವಿನಾಯಿತಿ) ಬಗ್ಗೆ ಮಾತ್ರ ಕೇಳಿ.

ಪ್ರಶಾಂತ್: 2019ರಲ್ಲಿ ಪೋಸ್ಟ್‌ಡಾಕ್‌ಗೆ ಬಂದೆ. ಸಂಬಳ ಯೂನಿವರ್ಸಿಟಿಯದ್ದು. ವೇವರ್ ಬೇಕಾ?

ವಕೀಲೆ: ಸ್ಕಿಲ್ಸ್ ಲಿಸ್ಟ್ (ಯಾವ ದೇಶಕ್ಕೆ ಯಾವ ಪರಿಣತರು ಬೇಕು ಅನ್ನುವ ಅಮೆರಿಕದ ಪಟ್ಟಿ) ಒಂದೇ ಕಾರಣವಾಗಿದ್ದರೆ ಬೇಡ. 2024ರ ಡಿಸೆಂಬರ್ 9ರಂದು ಭಾರತವನ್ನು ಆ ಪಟ್ಟಿಯಿಂದ ತೆಗೆದಿದ್ದಾರೆ. ಮೊದಲೇ ಬಂದವರಿಗೂ ಅದು ಅನ್ವಯ. ಸರ್ಕಾರದ ದುಡ್ಡು ಪಡೆದವರಿಗೆ, ಟ್ರೈನಿಂಗ್‌ಗೆ ಬಂದ ಡಾಕ್ಟರುಗಳಿಗೆ ಮಾತ್ರ ನಿಯಮ ಹಾಗೇ ಇದೆ.

ಸುಷ್ಮಾ: ಮೇಡಂ, ನನ್ನ ಗಂಡ ಅಮೆರಿಕ ಸರ್ಕಾರದ ಫುಲ್‌ಬ್ರೈಟ್ ಸ್ಕಾಲರ್‌ಶಿಪ್‌ನಲ್ಲಿ ಬಂದರು, ನಾನು ಅವರ ಹೆಂಡತಿಯಾಗಿ ಜೆ-2ನಲ್ಲಿ. ಹೋದ ತಿಂಗಳು ಡೈವೋರ್ಸ್ ಆಯಿತು. ಅವರು ಊರಿಗೆ ಹೋದರು. ಇಲ್ಲೊಂದು ಕಂಪನಿ ಎಚ್-1ಬಿ ಕೆಲಸದ ವೀಸಾ ಮಾಡಿಸುತ್ತೇವೆ ಅಂದಿದೆ. ನನಗೆ ಇನ್ನು ಈ ನಿಯಮ ಇಲ್ಲ ಅಲ್ವಾ?

ವಕೀಲೆ: ಇದೆ. ಅವರಿಗಿದ್ದ ನಿಯಮ ನಿಮಗೂ ಅಂಟಿದೆ, ಡೈವೋರ್ಸ್ ಆದರೂ ಬಿಡುವುದಿಲ್ಲ. ಸಾಮಾನ್ಯವಾಗಿ ಜೆ-2ನವರು ತಾವಾಗಿ ವೇವರ್ ಕೇಳುವಂತಿಲ್ಲ. ಜೆ-1ನವರಿಗೆ ಸಿಕ್ಕರೆ ಜೊತೆಗೆ ಸಿಗುತ್ತದೆ. ಆದರೆ ಡೈವೋರ್ಸ್ ಆದರೆ ಅಥವಾ ಜೆ-1ನವರು ತೀರಿಕೊಂಡರೆ ಸ್ಟೇಟ್ ಡಿಪಾರ್ಟ್‌ಮೆಂಟ್‌ನ ವೇವರ್ ವಿಭಾಗವೇ ಕೇಸು ನೋಡಿ ನಿಮ್ಮ ಪರ ನಿಲ್ಲಬಹುದು. ವೇವರ್ ಅರ್ಜಿ ಡಿಎಸ್-3035 ತುಂಬಿ, ಫೀ 120 ಡಾಲರ್. ಡೈವೋರ್ಸ್ ಡಿಕ್ರಿ, ಇಬ್ಬರ ಜೆ ವೀಸಾದ ಡಿಎಸ್-2019 ಫಾರ್ಮ್‌ಗಳ ಪ್ರತಿ, ವೇವರ್ ಯಾಕೆ ಬೇಕು ಅಂತ ಒಂದು ಪತ್ರ ಇಡಿ. ಅವರ ಕಾಗದಗಳು ಅವರ ಹತ್ತಿರವೇ ಇದ್ದರೆ ಈಗಲೇ ತರಿಸಿಕೊಳ್ಳಿ, ಆಮೇಲೆ ಫೋನ್ ಎತ್ತುವುದಿಲ್ಲ. ಪತ್ರದಲ್ಲಿ ಗಂಡನನ್ನು ಬೈಯುತ್ತಾ ಪುಟ ತುಂಬಿಸಬೇಡಿ.

ನನಗೆ ಜಾಸ್ತಿ ಚಿಂತೆ ಬೇರೆಯದು. ಡೈವೋರ್ಸ್ ಆದ ದಿನವೇ ನಿಮ್ಮ ಜೆ-2 ಮುಗಿಯಿತು. ಈಗ ಯಾವ ಸ್ಟೇಟಸ್‌ನಲ್ಲಿ ಇದ್ದೀರಿ? ಇಲ್ಲೇ ಇದ್ದುಕೊಂಡು ಎಫ್-1ಗೆ (ಸ್ಟೂಡೆಂಟ್ ವೀಸಾ) ಬದಲಾಯಿಸಿಕೊಳ್ಳಲಿಕ್ಕೂ ಈ ನಿಯಮ ಬಿಡದು. ಜೆ-2 ಪರ್ಮಿಟ್ ಮೇಲೆ ಕೆಲಸ ಮಾಡುತ್ತಿದ್ದರೆ ಇವತ್ತೇ ನಿಲ್ಲಿಸಿ. ಉತ್ತರ ಇಲ್ಲಿ ಬರೆಯಬೇಡಿ, ಇನ್‌ಬಾಕ್ಸ್‌ಗೆ ಬನ್ನಿ.

ರಾಜಣ್ಣ: ಬಂದ ಫಾರ್ವರ್ಡ್: "ಸಿಟಿಜನ್ ಮದುವೆಯಾದರೆ ಅಥವಾ ದುಬೈನಲ್ಲಿ 2 ವರ್ಷ ಇದ್ದರೆ ನಿಯಮ ತಾನಾಗೇ ಹೋಗುತ್ತದೆ. ಎಲ್ಲರಿಗೂ ಕಳಿಸಿ."

ವಕೀಲೆ: ಯಾರಿಗೂ ಕಳಿಸಬೇಡಿ. ಎರಡೂ ಸುಳ್ಳು. ಸಿಟಿಜನ್ ಹೆಂಡತಿಗೋ ಮಗುವಿಗೋ ತೀರಾ ಕಷ್ಟವಾಗುತ್ತದೆ ಅಂತ ಸಾಬೀತು ಮಾಡಿದರೆ ಹಾರ್ಡ್‌ಶಿಪ್ ವೇವರ್ ಕೇಳಬಹುದು, ಅಷ್ಟೇ. ದುಬೈ ದಿನಗಳು ಲೆಕ್ಕಕ್ಕಿಲ್ಲ. ಇಂಥದ್ದನ್ನು ನಂಬಿ ಹೋದವರ ಕೇಸು ಕೊನೆಗೆ ನನ್ನ ಟೇಬಲ್‌ಗೇ ಬರುತ್ತದೆ.

ಡಾ. ಕಿರಣ್: ಜೆ-1 ರೆಸಿಡೆನ್ಸಿ ಮುಗಿಯುತ್ತಾ ಬಂತು. ಭಾರತದಿಂದ ನೋರಿ ಸರ್ಟಿಫಿಕೇಟ್ (ವಾಪಸ್ ಬರದಿದ್ದರೂ ಅಡ್ಡಿಯಿಲ್ಲ ಅನ್ನುವ ಪತ್ರ) ತಂದರೆ ಸಾಕಾ?

ವಕೀಲೆ: ನಿಮಗೆ ಆ ದಾರಿಯೇ ಇಲ್ಲ. ಕಾನ್ರಾಡ್ 30 ಅನ್ನುವ ಡಾಕ್ಟರುಗಳ ವೇವರ್ ನೋಡಿ. ಡಾಕ್ಟರ್ ಕೊರತೆ ಇರುವ ಕಡೆ 3 ವರ್ಷ, ವಾರಕ್ಕೆ 40 ಗಂಟೆ. ಒಂದು ರಾಜ್ಯಕ್ಕೆ ವರ್ಷಕ್ಕೆ 30 ಜನ.

ನಾಗರಾಜ್: ವಾಪಸ್ ಹೋಗೋಕೆ ಏನು ಕಷ್ಟ ಡಾಕ್ಟ್ರೇ? ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರೇ ಇಲ್ಲ.

ಡಾ. ಕಿರಣ್: ನಾನು ಓದಿದ್ದು ಅಪ್ಪ ಅಡಿಕೆ ತೋಟ ಮಾರಿದ ದುಡ್ಡಲ್ಲಿ. ನೀವು ಎಲ್ಲಿಂದ ಟೈಪ್ ಮಾಡ್ತಿದ್ದೀರಿ?

ನಾಗರಾಜ್: ನ್ಯೂಜೆರ್ಸಿ. ಗ್ರೀನ್‌ಕಾರ್ಡ್ ಇದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಡಾ. ಕಿರಣ್: ಮೊದಲು ನೀವು ಟಿಕೆಟ್ ತೆಗೀರಿ ಸ್ವಾಮಿ, ಹಿಂದೆ ನಾನು ಬರ್ತೀನಿ.

ಲತಾ: ಹಾರ್ಡ್‌ಶಿಪ್ ವೇವರ್‌ಗೆ ಎಷ್ಟು ತಿಂಗಳು ಹಿಡಿಯುತ್ತದೆ ಮೇಡಂ?

ನಾಗರಾಜ್: ಮಾತಿಗೆ ಮರ್ಯಾದೆ ಇರಲಿ.

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಮಹೇಶ್: ಸ್ಕಿಲ್ಸ್ ಲಿಸ್ಟ್‌ನಲ್ಲಿ ಭಾರತ ಇದೆಯಾ?

ವಕೀಲೆ: ಮೇಲೆ ಓದಿ.

ಮಹೇಶ್: ಒಂದು ಸಾಲು ಹೇಳಿದರೆ ಗಂಟೇನು ಹೋಗುತ್ತೆ?

ವಕೀಲೆ: ಹೇಳಿ ಆಗಿದೆ. ಮೇಲೆ ಓದಿ.

ವಿನಯ್: ವೇವರ್‌ಗೆ ಹಾಕಿದ್ದೇನೆ. ಜೆ-1 ಇನ್ನೊಂದು ವರ್ಷ ಎಕ್ಸ್‌ಟೆಂಡ್ ಮಾಡಿಸಬಹುದಾ?

ವಕೀಲೆ: ವೇವರ್‌ಗೆ ಸ್ಟೇಟ್ ಡಿಪಾರ್ಟ್‌ಮೆಂಟ್‌ನ ಶಿಫಾರಸು ಬಂದ ಮೇಲೆ ಆಗಲ್ಲ. ಮೊದಲೇ ಮಾಡಿಸಿಕೊಳ್ಳಿ.

ರಾಜಣ್ಣ: ಮೇಡಂ, ಇನ್ನೊಂದು ಫಾರ್ವರ್ಡ್ ಬಂದಿದೆ, ಹಾಕಲಾ?