ಥರ್ಮಲ್ ಲೇಬಲ್‌ಗೆ ಡೆವಲಪರ್ ಯಾವುದು: ಡಿ-8 ಅಥವಾ ಪರ್ಗಾಫಾಸ್ಟ್? ಅನುಭವ ಇರುವವರು ದಯವಿಟ್ಟು ತಿಳಿಸಿ

ಲೇಬಲ್ ಘಟಕ (ಪ್ರಶ್ನೆ):
ನಮ್ಮದು ಸಣ್ಣ ಲೇಪನ ಘಟಕ. ಇದುವರೆಗೆ ರಸೀದಿ ಕಾಗದವನ್ನಷ್ಟೇ ತಯಾರಿಸುತ್ತಿದ್ದೆವು. ಈಗ ಶೀತಲಗೃಹದ ಪೆಟ್ಟಿಗೆಗಳಿಗೆ ಅಂಟಿಸುವ ಥರ್ಮಲ್ ಲೇಬಲ್‌ಗೆ ಬೇಡಿಕೆ ಬಂದಿದೆ. ಮುದ್ರಣ ಒಂದು ವರ್ಷ ಉಳಿಯಬೇಕು, ಬಾರ್‌ಕೋಡ್ ಸ್ಕ್ಯಾನ್ ಆಗಬೇಕು. ಕಪ್ಪು ಬಣ್ಣಕ್ಕೆ ಓಡಿಬಿ-2 ಎಂಬ, ಮೊದಲು ಬಣ್ಣವಿಲ್ಲದ ಡೈ ಎಂದು ತೀರ್ಮಾನಿಸಿದ್ದೇವೆ. ಪ್ರಿಂಟರ್ ಹೆಡ್‌ನ ಬಿಸಿಗೆ ಕರಗಿ ಆ ಡೈಗೆ ಬಣ್ಣ ಬರಿಸುವ ಡೆವಲಪರ್ ವಿಷಯದಲ್ಲಿ ಡಿ-8 ಮತ್ತು ಪರ್ಗಾಫಾಸ್ಟ್ 201ರ ನಡುವೆ ನಿಂತಿದ್ದೇವೆ. ಮೇಲ್ಪದರದ ಲೇಪನವಿಲ್ಲದೆ ನಿಭಾಯಿಸಬಹುದೇ? ಪೆಟ್ಟಿಗೆ ಹೊರಬಂದಾಗ ಲೇಬಲ್ ಮೇಲೆ ನೀರು ಕಟ್ಟುತ್ತದೆ ಎಂಬುದೇ ನಮ್ಮ ಮುಖ್ಯ ಚಿಂತೆ.

ಬೀಡ್‌ಮಿಲ್:
ಹಳೆಯ ಡೆವಲಪರ್ ಬಿಪಿಎ (ಬಿಸ್ಫಿನಾಲ್ ಎ) ಬಳಕೆಯಲ್ಲಿದ್ದ ಕಾಲದಿಂದ ನಾನು ಈ ಕೆಲಸದಲ್ಲಿದ್ದೇನೆ. ಅದನ್ನು ಬಿಡಬೇಕಾಗಿ ಬಂದಾಗ ಡಿ-8 ಆರಿಸಿಕೊಂಡೆ, ಇಂದಿಗೂ ಬದಲಾಯಿಸಿಲ್ಲ. ನಮ್ಮ ಹಣ ಕರಗಿದ್ದು ಡೆವಲಪರ್‌ನ ಹೆಸರಿನಲ್ಲಲ್ಲ, ಅರೆಯುವಿಕೆಯಲ್ಲಿ. ಡೈ ಮತ್ತು ಡೆವಲಪರ್ ಎರಡನ್ನೂ ಪಿವಿಎ (ನೀರಿನಲ್ಲಿ ಕರಗುವ ಬಂಧಕ, ಪಾಲಿವಿನೈಲ್ ಆಲ್ಕೋಹಾಲ್) ಬೆರೆಸಿದ ನೀರಿನಲ್ಲಿ ಬೇರೆ ಬೇರೆಯಾಗಿ, ಸರಾಸರಿ ಒಂದು ಮೈಕ್ರಾನ್‌ಗಿಂತ ಕೆಳಗಿಳಿಯುವಂತೆ ಅರೆಯಬೇಕು. ಒಂದೇ ಮಿಲ್ ತೊಳೆದು ಎರಡಕ್ಕೂ ಬಳಸಬಹುದೆಂದು ಯಂತ್ರ ಮಾರಿದವರು ಭರವಸೆ ಕೊಟ್ಟಿದ್ದರು. ಅರೆಯುವ ಸಣ್ಣ ಗುಂಡುಗಳಾದ ಬೀಡ್‌ಗಳ ಸಂದಿಯಲ್ಲಿ ಉಳಿದ ಅಲ್ಪ ಡೆವಲಪರ್ ಡೈಯ ಇಡೀ ತೊಟ್ಟಿಯನ್ನು ಬೂದುಬಣ್ಣಕ್ಕೆ ತಿರುಗಿಸಿತು. ಲೇಪನದ ತೂಕದಲ್ಲಿ ಡೈಯ ಪಾಲು ಚಿಕ್ಕದು, ಖರ್ಚಿನಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ಆ ತೊಟ್ಟಿ ಚೆಲ್ಲಿದ ಮೇಲೆ ಎರಡನೆಯ ಮಿಲ್ ಖರೀದಿಸಿದೆವು. ಅದರ ತಂಪುನೀರಿನ ಘಟಕ, ಅದಕ್ಕೆ ಬೇಕಾದ ಹೆಚ್ಚುವರಿ ವಿದ್ಯುತ್ತು, ಸವೆದಂತೆ ಬದಲಾಯಿಸುವ ಜಿರ್ಕೋನಿಯಾ ಬೀಡ್‌ಗಳು, ಇವೆಲ್ಲ ಸೇರಿ ಮಿಲ್‌ನ ಬೆಲೆಯನ್ನೇ ಮೀರಿದವು. ಡಿ-8 ಸುಮಾರು 129 ಡಿಗ್ರಿಯಲ್ಲೇ ಕರಗುವುದರಿಂದ ನಮ್ಮ ಹಳೆಯ ಪ್ರಿಂಟರುಗಳಲ್ಲೂ ಕಡಿಮೆ ಶಕ್ತಿಗೆ ಗಾಢ ಕಪ್ಪು ಬರುತ್ತದೆ. ಆ ಕಪ್ಪನ್ನು ನೋಡಿದವರು ಬೇರೆ ಡೆವಲಪರ್ ಕೇಳಲಾರರು.

ಸ್ಥಿರಬಣ್ಣ:
ಮುದ್ರಿಸಿದ ದಿನದ ಕಪ್ಪು ಎಲ್ಲ ಡೆವಲಪರ್‌ಗಳಲ್ಲೂ ಚೆನ್ನಾಗಿಯೇ ಇರುತ್ತದೆ, ಅದನ್ನು ಮುಂದಿಟ್ಟು ಸಲಹೆ ಕೊಡುವುದು ಸರಿಯಲ್ಲ. ನಾವು ಪರ್ಗಾಫಾಸ್ಟ್ 201ಕ್ಕೆ ಹೋದವರು, ಅದಕ್ಕಾಗಿ ಹೆಚ್ಚು ಬೆಲೆ ತೆತ್ತವರು, ಮತ್ತು ಅದರ ಬಗ್ಗೆ ನನಗೆ ಹೆಮ್ಮೆ ಇದೆ. ಈ ಬಣ್ಣ ಶಾಶ್ವತವಾದ ಬಂಧವಲ್ಲ: ಡೈಯ ಅಣುವಿನಲ್ಲಿರುವ ಲ್ಯಾಕ್ಟೋನ್ ಉಂಗುರ ತೆರೆದಿರುವಷ್ಟು ಕಾಲ ಮಾತ್ರ ಕಪ್ಪು ಇರುತ್ತದೆ, ಎಣ್ಣೆಯೋ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುವ ಪ್ಲಾಸ್ಟಿಸೈಜರೋ ಒಳನುಗ್ಗಿ ಡೈಯನ್ನು ಡೆವಲಪರ್‌ನಿಂದ ಬೇರ್ಪಡಿಸಿದರೆ ಉಂಗುರ ಮತ್ತೆ ಮುಚ್ಚಿಕೊಂಡು ಅಕ್ಷರ ಮಾಯವಾಗುತ್ತದೆ. ನಾವು ಎರಡೂ ಬಗೆಯ ಲೇಬಲ್‌ಗಳನ್ನು ಮೃದುವಾದ ಪಿವಿಸಿ ಹಾಳೆಯಲ್ಲಿ ಸುತ್ತಿ 40 ಡಿಗ್ರಿಯಲ್ಲಿಟ್ಟೆವು. ಡಿ-8ರ ಬಾರ್‌ಕೋಡ್ ಒಂದು ರಾತ್ರಿ ಕಳೆಯುವುದರೊಳಗೆ ಓದಲಾಗದಂತಾಯಿತು, ಪರ್ಗಾಫಾಸ್ಟ್‌ನದು ಮಸುಕಾದರೂ ಸ್ಕ್ಯಾನ್ ಆಯಿತು. ಇದರ ಕರಗುವ ಬಿಂದು 157 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ ಸೆನ್ಸಿಟೈಜರ್ ಅನ್ನು ಹೆಚ್ಚಿಸಬೇಕಾಯಿತು ಎಂಬುದು ನಿಜ. ಸುಮಾರು 101 ಡಿಗ್ರಿಗೆ ಕರಗುವ ಬೆಂಜೈಲಾಕ್ಸಿ ನ್ಯಾಫ್ತಲೀನ್ ಹಾಕಿದೆವು. ಅದು ಮೊದಲು ಕರಗಿ, ಡೈ, ಡೆವಲಪರ್ ಎರಡನ್ನೂ ತನ್ನೊಳಗೆ ಕರಗಿಸಿಕೊಳ್ಳುತ್ತದೆ.

ಬೀಡ್‌ಮಿಲ್:
ಯಾವ ಪೆಟ್ಟಿಗೆಯನ್ನೂ ಯಾರೂ ಪಿವಿಸಿಯಲ್ಲಿ ಸುತ್ತಿ ಬಿಸಿಯಲ್ಲಿಡುವುದಿಲ್ಲ. ನಿಮ್ಮ ಲೇಪನದ ತೂಕ, ಡೈ ಮತ್ತು ಡೆವಲಪರ್‌ಗಳ ಅನುಪಾತ ಎರಡರಲ್ಲೂ ಒಂದೇ ಇತ್ತೇ? ಅದನ್ನು ಹೇಳದೆ ಫಲಿತಾಂಶ ಮಾತ್ರ ಹೇಳಿದರೆ ಅದನ್ನು ಹೋಲಿಕೆ ಎನ್ನಲಾಗದು.

ಸ್ಥಿರಬಣ್ಣ:
ಒಂದೇ ಇತ್ತು. ಒಂದು ಪಾಲು ಡೈಗೆ ಎರಡು ಪಾಲು ಡೆವಲಪರ್, ಕಾಗದವೂ ಒಂದೇ ರೋಲಿನದು. ಪಿವಿಸಿ ಪರೀಕ್ಷೆಯನ್ನು ಈ ಉದ್ಯಮದಲ್ಲಿ ಎಲ್ಲರೂ ಮಾಡುತ್ತಾರೆ, ನೀವು ಮಾಡದಿದ್ದರೆ ಅದು ಪರೀಕ್ಷೆಯ ದೋಷವಲ್ಲ.

ಮೇಲ್ಪದರ:
ಇಬ್ಬರೂ ಬೇರು ಬಿಟ್ಟು ಎಲೆಯ ಬಗ್ಗೆ ಜಗಳವಾಡುತ್ತಿದ್ದೀರಿ. ನಾವು ಡೆವಲಪರ್ ಬದಲಾಯಿಸಲೇ ಇಲ್ಲ, ಮೇಲ್ಪದರ ಹಾಕಿದೆವು. ಅದು ಅಗ್ಗವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಎರಡನೆಯ ಲೇಪನ ಕೇಂದ್ರ ಬೇಕು, ಅದರ ಹಿಂದೆ ಉದ್ದನೆಯ ಡ್ರೈಯರ್ ಬೇಕು. ಗಾಳಿಯ ಬಿಸಿ ಏರಿಸಿ ಬೇಗ ಒಣಗಿಸೋಣವೆಂದರೆ ಕೆಳಗಿನ ಪದರವೇ ಬಣ್ಣ ತಾಳುತ್ತದೆ, ಆದ್ದರಿಂದ ಯಂತ್ರದ ವೇಗ ಇಳಿಸುವುದೊಂದೇ ದಾರಿ. ನಮ್ಮ ಯಂತ್ರ ಮೊದಲಿನ ವೇಗಕ್ಕೆ ಮರಳಲೇ ಇಲ್ಲ. ಅದೇ ಕೆಲಸಗಾರರು, ಅದೇ ವಿದ್ಯುತ್ತು, ಕಾಗದ ಮಾತ್ರ ಕಡಿಮೆ. ಮಾಮೂಲಿ ಪಿವಿಎ ನೀರಿಗೆ ನಿಲ್ಲಲಿಲ್ಲ, ಅಸಿಟೋಅಸಿಟೈಲ್ ಗುಂಪಿರುವ ಪಿವಿಎ ತರಿಸಿ, ಅದರ ಎಳೆಗಳನ್ನು ಒಂದಕ್ಕೊಂದು ಬೆಸೆಯುವ ಕ್ರಾಸ್‌ಲಿಂಕರ್ ಸೇರಿಸಿದೆವು. ಆ ಕ್ರಾಸ್‌ಲಿಂಕರ್ ಪಕ್ವವಾಗುವವರೆಗೆ ರೋಲ್‌ಗಳನ್ನು ಗೋದಾಮಿನಲ್ಲಿಟ್ಟು ಕಾಯಬೇಕು, ಅಷ್ಟೂ ದಿನ ಬಂಡವಾಳ ಅಲ್ಲೇ ಕೂತಿರುತ್ತದೆ. ಆಮೇಲೆ ಪ್ರಿಂಟರ್ ಹೆಡ್‌ಗೆ ಅಂಟು ಹಿಡಿಯಿತೆಂಬ ದೂರು ಬಂತು, ಜಾರುವಿಕೆ ಕೊಡುವ ಜಿಂಕ್ ಸ್ಟಿಯರೇಟ್ ಹೆಚ್ಚಿಸಿದೆವು, ಲೇಬಲ್ ಮೇಲೆ ಬೇರೆ ಶಾಯಿಯಲ್ಲಿ ಲಾಂಛನ ಮುದ್ರಿಸುವವರು ಶಾಯಿ ಹಿಡಿಯುತ್ತಿಲ್ಲವೆಂದು ಗದರಿದರು. ಇಷ್ಟೆಲ್ಲ ಆದ ಮೇಲೆ ಎಣ್ಣೆ, ಮದ್ಯಸಾರ, ನೀರು ಮೂರಕ್ಕೂ ನಮ್ಮ ಕಾಗದ ನಿಲ್ಲುತ್ತದೆ.

ನಿಯಮಪಾಲನೆ:
ಆರೋಗ್ಯದ ಮಾತನ್ನು ಯಾರೂ ಎತ್ತದಿರುವುದು ನನಗೆ ನೋವು ತಂದಿದೆ. ಯುರೋಪಿನ ಒಕ್ಕೂಟ 2020ರ ಜನವರಿ 2ರಿಂದ ಥರ್ಮಲ್ ಕಾಗದದಲ್ಲಿ ಬಿಪಿಎ ಪ್ರಮಾಣ ತೂಕದ 0.02 ಶೇಕಡಾ ಮುಟ್ಟಬಾರದೆಂದಿತು. ಉದ್ಯಮದ ದೊಡ್ಡ ಭಾಗ ಅದರದೇ ಬಳಗದ ಬಿಪಿಎಸ್‌ಗೆ (ಬಿಸ್ಫಿನಾಲ್ ಎಸ್) ಹಾರಿತು. 2023ರ ಜನವರಿಯಲ್ಲಿ ಬಿಪಿಎಸ್ ಕೂಡ ಅಲ್ಲಿನ ಅತಿ ಕಳವಳಕಾರಿ ವಸ್ತುಗಳ ಪಟ್ಟಿ ಸೇರಿತು. ಡಿ-8 ಎನ್ನುವುದು ಬಿಪಿಎಸ್‌ನಿಂದಲೇ ತಯಾರಾಗುವ ಈಥರ್. ಕ್ರಿಯೆ ಪೂರ್ಣವಾಗದ ಬಿಪಿಎಸ್ ಅದರಲ್ಲಿ ಉಳಿದಿರಬಹುದು. ನಮಗೆ ಬಂದ ಒಂದು ಸರಕಿನ ಚೀಟಿಯಲ್ಲಿ ಬಿಪಿಎಸ್ ಇಲ್ಲವೆಂದಿತ್ತು, ಹೊರಗಿನ ಪ್ರಯೋಗಾಲಯದ ವರದಿಯಲ್ಲಿ ಅದು ಇತ್ತು. ಗ್ರಾಹಕರು ಪೂರ್ತಿ ಸರಕು ಹಿಂದಿರುಗಿಸಿದರು. ಸಾಗಣೆ, ಮರುಪರೀಕ್ಷೆ, ನಾಶಪಡಿಸುವ ವೆಚ್ಚ ಎಲ್ಲವೂ ನಮ್ಮ ತಲೆಯ ಮೇಲೆ ಬಂದವು, ಸರಬರಾಜುದಾರರು ಕೊಟ್ಟದ್ದು ಒಂದು ಕ್ಷಮಾಪಣೆ ಪತ್ರ ಮಾತ್ರ.

ಬೀಡ್‌ಮಿಲ್:
ನೀವು ಒಬ್ಬ ಕೆಟ್ಟ ಸರಬರಾಜುದಾರನಿಂದ ಅನುಭವಿಸಿದ್ದನ್ನು ಇಡೀ ಡಿ-8ರ ಮೇಲೆ ಹೊರಿಸುತ್ತಿದ್ದೀರಿ. ಪರ್ಗಾಫಾಸ್ಟ್‌ನ ಸುರಕ್ಷತಾ ಪತ್ರವನ್ನೂ ಓದಿ, ಜಲಜೀವಿಗಳಿಗೆ ವಿಷಕಾರಿ ಎಂದು ಅದರಲ್ಲೇ ಬರೆದಿದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಬಿಪಿಎಗೆ ಬದಲಾಗಬಹುದಾದ 19 ರಾಸಾಯನಿಕಗಳನ್ನು ತೂಗಿ ನೋಡಿ, ಸ್ಪಷ್ಟವಾಗಿ ಸುರಕ್ಷಿತವಾದ ಒಂದನ್ನೂ ಗುರುತಿಸಲಾಗಲಿಲ್ಲ.

ನಿಯಮಪಾಲನೆ:
ಎಲ್ಲದರಲ್ಲೂ ಏನೋ ಒಂದು ದೋಷವಿದೆ ಎಂದು ತೋರಿಸಿ, ಕೈಗೆ ಹತ್ತುವ ಕಾಗದದಲ್ಲಿ ಏನಿದ್ದರೂ ನಡೆಯುತ್ತದೆ ಎಂಬ ತೀರ್ಮಾನಕ್ಕೆ ಬರುವುದನ್ನು ನಾನು ಒಪ್ಪುವುದಿಲ್ಲ. ಪೆಟ್ಟಿಗೆ ಎತ್ತುವವರ ಬೆರಳುಗಳು ದಿನವಿಡೀ ಆ ಲೇಬಲ್ ಮೇಲಿರುತ್ತವೆ.

ಬಣ್ಣರಹಿತ:
ಡೈ ಇಲ್ಲದ ಕಾಗದಗಳೂ ಇವೆ. ಕಪ್ಪು ಪದರದ ಮೇಲೆ ಸೂಕ್ಷ್ಮ ಗಾಳಿಗುಳ್ಳೆಗಳಿರುವ ಬಿಳಿ ಪದರವಿರುತ್ತದೆ, ಹೆಡ್‌ನ ಬಿಸಿಗೆ ಗುಳ್ಳೆ ಕುಸಿದು ಕಪ್ಪು ಕಾಣುತ್ತದೆ. ಕೊಹ್ಲರ್ ಕಂಪನಿಯ ಬ್ಲೂಫಾರೆಸ್ಟ್ ಈ ಬಗೆಯದು. ಉಂಗುರ ಮುಚ್ಚಿಕೊಳ್ಳುವ ಭಯವೇ ಇಲ್ಲ. ನಾವು ರಸೀದಿಗೆ ಅದನ್ನೇ ತರಿಸುತ್ತೇವೆ, ಹಳೆಯ ರಸೀದಿಗಳು ಇಂದಿಗೂ ಓದಲು ಬರುತ್ತವೆ.

ಸ್ಥಿರಬಣ್ಣ:
ಅದರ ಹಿನ್ನೆಲೆ ನೀಲಿ-ಬೂದು, ಬಾರ್‌ಕೋಡ್‌ಗೆ ಬೇಕಾದ ವ್ಯತ್ಯಾಸ ಅಷ್ಟರ ಮಟ್ಟಿಗೆ ಕಡಿಮೆ. ಇಲ್ಲಿ ಕೇಳಿದವರು ಲೇಪನ ಮಾಡುವವರು, ಸಿದ್ಧ ಕಾಗದ ಕೊಳ್ಳುವವರಲ್ಲ.

ಬಣ್ಣರಹಿತ:
ಗೆರೆ ಉಳಿದರೆ ತಾನೇ ವ್ಯತ್ಯಾಸ ಅಳೆಯುವುದು? ನಿಮ್ಮದು ಪಿವಿಸಿಯಲ್ಲಿ ಮಸುಕಾಯಿತೆಂದು ನೀವೇ ಮೇಲೆ ಬರೆದಿದ್ದೀರಿ.

ಲೇಬಲ್ ಘಟಕ:
ಎಲ್ಲರಿಗೂ ಧನ್ಯವಾದ. ಶೀತಲಗೃಹದಿಂದ ಹೊರಬಂದ ಲೇಬಲ್ ಒದ್ದೆಯಾಗುವ ವಿಷಯದಲ್ಲಿ ನೇರ ಅನುಭವ ಇರುವವರು ಯಾರಾದರೂ ಇದ್ದಾರೆಯೇ?

ಮೇಲ್ಪದರ:
ಇದೆ. ಚಳಿಯಿಂದ ಮುದ್ರಣ ಮಾಸುವುದಿಲ್ಲ, ತಂಪಿನಲ್ಲಿ ಮಾಸುವಿಕೆ ನಿಧಾನವೇ ಆಗುತ್ತದೆ. ತೊಂದರೆ ಎರಡು ಕಡೆಯಿಂದ ಬರುತ್ತದೆ. ಒದ್ದೆಯಾದಾಗ ಕ್ರಾಸ್‌ಲಿಂಕ್ ಆಗದ ಪಿವಿಎ ಮೆತ್ತಗಾಗಿ, ಪೆಟ್ಟಿಗೆಗಳು ಒಂದಕ್ಕೊಂದು ಉಜ್ಜಿದರೆ ಪದರವೇ ಕಿತ್ತುಬರುತ್ತದೆ. ಇದು ಡೈಯ ದೋಷವಲ್ಲದಿದ್ದರೂ ಸ್ಕ್ಯಾನರ್‌ಗೆ ಎರಡೂ ಒಂದೇ. ಇನ್ನೊಂದು ತೊಂದರೆ ಹಿಂಬದಿಯದು, ಅದನ್ನು ಇಲ್ಲಿ ಯಾರೂ ಹೇಳಲಿಲ್ಲ: ಅಂಟಿನೊಳಗಿನ ಎಣ್ಣೆಯಂಥ ಅಂಶಗಳು ಕಾಗದದ ಮೂಲಕ ಮೇಲೇರಿ ಒಳಗಿನಿಂದಲೇ ಬಣ್ಣ ಬಿಡಿಸುತ್ತವೆ. ನಮ್ಮಲ್ಲಿ ಗೋದಾಮಿನಲ್ಲಿದ್ದ, ಎಂದೂ ಒದ್ದೆಯಾಗದ ಲೇಬಲ್‌ಗಳೇ ಮೊದಲು ಮಾಸಿದ್ದು ಇದರಿಂದ. ಹಿಂಬದಿಗೆ ತಡೆಪದರ ಹಾಕಿದ ಮೇಲೆ ನಿಂತಿತು. ಡೆವಲಪರ್ ಯಾವುದನ್ನೇ ಆರಿಸಿ, ಅಂಟು ಹಾಕಿದ ಸಿದ್ಧ ಲೇಬಲ್ ಅನ್ನೇ 40 ಡಿಗ್ರಿ, 90 ಶೇಕಡಾ ತೇವದಲ್ಲಿಟ್ಟು ನೋಡಿ. ಬರೀ ಲೇಪಿತ ಕಾಗದದ ಮೇಲೆ ಮಾಡಿದ ಪರೀಕ್ಷೆಯಲ್ಲಿ ಅಂಟಿನ ಕೆಲಸ ಕಾಣಿಸುವುದಿಲ್ಲ.

ಬೀಡ್‌ಮಿಲ್:
ಹಿಂಬದಿಯ ತಡೆಪದರದ ಮಾತು ಸರಿ. ಆದರೆ ಅದನ್ನು ಹಾಕಿದ ಮೇಲೆ ಡಿ-8 ಏಕೆ ಸಾಲದು ಎಂಬುದಕ್ಕೆ ಸ್ಥಿರಬಣ್ಣದವರು ಇನ್ನೂ ಉತ್ತರ ಕೊಟ್ಟಿಲ್ಲ.

ಸ್ಥಿರಬಣ್ಣ:
ಪೆಟ್ಟಿಗೆಯ ಮೇಲೆ ಯಾವ ಟೇಪ್ ಬೀಳುತ್ತದೆ, ಯಾರ ಎಣ್ಣೆಗೈ ತಾಗುತ್ತದೆ ಎಂಬುದು ಲೇಬಲ್ ತಯಾರಿಸುವವರ ಹತೋಟಿಯಲ್ಲಿಲ್ಲ. ಹಿಂಬದಿ ಮುಚ್ಚಿದರೂ ಮುಂಬದಿ ತೆರೆದೇ ಇರುತ್ತದೆ. ಇದೇ ನನ್ನ ಉತ್ತರ.